ಗದಗಿನ ಪ್ಲೇಗಿನ ಲೆಕ್ಕ, ಜಿನೀವಾದ ಕಾನೂನು

ಹುಬ್ಬಳ್ಳಿಯಿಂದ ಬರುವಾಗ ಗದಗು ಇನ್ನೇನು ಬಂತು ಅನ್ನುವಷ್ಟರಲ್ಲಿ ಬಿಂಕದಕಟ್ಟಿ ಸಿಗುತ್ತದೆ. ಇಂದು ಮೃಗಾಲಯ ನೋಡಲು ಜನ ಬರುವ ಈ ದಾರಿಯ ಎರಡೂ ತುದಿಗಳಲ್ಲಿ 1898ರಲ್ಲಿ ಪ್ಲೇಗು ಇತ್ತು. ಜೀವಾಣು ವಿಜ್ಞಾನಿ ವಾಲ್ಡೆಮರ್ ಹಾಫ್ಕಿನ್ ಹಿಂದಿನ ವರ್ಷ ಮುಂಬೈಯಲ್ಲಿ ತಮ್ಮ ಮೈಗೇ ಚುಚ್ಚಿಕೊಂಡು ನೋಡಿದ್ದ ಲಸಿಕೆ ಹುಬ್ಬಳ್ಳಿ, ಧಾರವಾಡ, ಗದಗಿಗೆ ಬಂತು. ಲಸಿಕೆ ಹಾಕಿಸಿಕೊಂಡವರೆಷ್ಟು, ಹಾಕಿಸಿಕೊಳ್ಳದವರೆಷ್ಟು, ಯಾರಲ್ಲಿ ಎಷ್ಟು ಸಾವು ಎಂದು ಲೆಕ್ಕ ಬರೆದಿಟ್ಟರು. ಆ ಅಂಕಿಗಳು ಲಂಡನ್ನಿನ ವೈದ್ಯರವರೆಗೂ ಹೋದವು. ಅದಕ್ಕಾಗಿ ಸತ್ತವರ ಮನೆಯವರ ಒಪ್ಪಿಗೆ ಕೇಳುವ ಪದ್ಧತಿ ಆಗ ಇರಲೇ ಇಲ್ಲ.

ಅಂತರರಾಷ್ಟ್ರೀಯ ಕಾನೂನಿನ ಚಿಂತೆ ಬೇರೆಯೇ ಇತ್ತು. 1851ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ 12 ದೇಶಗಳಿಗೆ ರೋಗ ಹರಡದಂತೆ ಹಡಗುಗಳನ್ನು ಎಷ್ಟು ದಿನ ತಡೆಹಿಡಿಯಬೇಕು ಎಂಬುದೇ ಮುಖ್ಯವಾಗಿತ್ತು. ಮುಂಬೈಯ ಪ್ಲೇಗಿಗೆ ಬೆದರಿ 1897ರಲ್ಲಿ ವೆನಿಸ್‌ನಲ್ಲಿ ಮಾಡಿಕೊಂಡ ಒಪ್ಪಂದ, ರೋಗ ಕಂಡ ಕೂಡಲೇ ತಂತಿ ಕಳಿಸಬೇಕೆಂದಿತು. ಸುದ್ದಿ ಕೊಟ್ಟ ಊರಿಗೆ ಏನು ಸಿಗಬೇಕು ಎಂಬ ಪ್ರಶ್ನೆಯನ್ನು ಆಗ ಯಾರೂ ಎತ್ತಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಬಂದ ಮೇಲೂ 1969ರ ನಿಯಮಗಳು ಆರೇ ರೋಗಗಳನ್ನು ಹೆಸರಿಸಿದವು. ಮುಂದೆ ಅವು ಮೂರಕ್ಕಿಳಿದವು. ಇಂಥ ಪಟ್ಟಿಯ ಹೊರಗೂ ರೋಗ ಬರಬಹುದೆಂಬುದಕ್ಕೆ ಅದಕ್ಕೂ ಮೊದಲೇ ನಮ್ಮಲ್ಲಿ ಉದಾಹರಣೆಯಿತ್ತು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಹಳದಿ ಜ್ವರವೇ ಬಂತೇನೋ ಎಂಬ ದಿಗಿಲು ಹುಟ್ಟಿತು. ಅದು ಹೊಸ ವೈರಸ್ಸೆಂದು ಕಂಡುಹಿಡಿದದ್ದು ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನ ಪುಣೆಯ ವೈರಸ್ ಸಂಶೋಧನಾ ಕೇಂದ್ರ.

1994ರ ಸೂರತ್ ಪ್ಲೇಗಿನಲ್ಲಿ ಹಲವು ದೇಶಗಳು ಭಾರತದ ವಿಮಾನಗಳನ್ನೇ ತಡೆದವು. ಬಾಯಿ ಬಿಟ್ಟವನಿಗೇ ಬರೆ ಬಿದ್ದಂತಾಯಿತು. ಸಾರ್ಸ್ ಕಲಿಸಿದ ಪಾಠದಿಂದ 2005ರ ನಿಯಮಗಳು ರೋಗಪಟ್ಟಿಯ ಹಂಗು ತೊರೆದವು: ಜಗತ್ತಿಗೆ ಅಪಾಯವೆನಿಸುವ ಯಾವುದೇ ಘಟನೆಯನ್ನು, ಅದು ಅಂಥದ್ದೆಂದು ತೀರ್ಮಾನಿಸಿದ 24 ಗಂಟೆಯೊಳಗೆ ತಿಳಿಸಬೇಕು. ರೋಗಿಯ ಗುರುತನ್ನು ಕಾಪಾಡಬೇಕೆಂಬ ವಿಧಿಯೂ ಅದರಲ್ಲಿದೆ. ಇದು ದೊಡ್ಡ ಹೆಜ್ಜೆ, ಆದರೆ ಅರ್ಧ ಹೆಜ್ಜೆ: ಮಾಹಿತಿ ಕೊಟ್ಟವರಿಗೆ ಏನು ಸಿಗಬೇಕೆಂಬುದು ಅದರಲ್ಲಿರಲಿಲ್ಲ. ತನ್ನ ಹಕ್ಕಿಜ್ವರದ ಮಾದರಿಗಳಿಂದ ತಯಾರಾದ ಲಸಿಕೆ ತನಗೇ ಕೈಗೆಟುಕದೆಂದು 2007ರಲ್ಲಿ ಇಂಡೊನೇಷ್ಯಾ ಮಾದರಿ ಕಳಿಸುವುದನ್ನು ನಿಲ್ಲಿಸಿತು. ಆ ಜಗಳವೇ ಮಾದರಿಯ ಜೊತೆಗೆ ಅದರ ಲಾಭವನ್ನೂ ಹಂಚಿಕೊಳ್ಳುವ 2011ರ ಇನ್‌ಫ್ಲುಯೆಂಜಾ ಚೌಕಟ್ಟಿಗೆ ದಾರಿಯಾಯಿತು. 2021ರ ನವೆಂಬರಿನಲ್ಲಿ ದಕ್ಷಿಣ ಆಫ್ರಿಕಾ ಒಮಿಕ್ರಾನ್ ಸುದ್ದಿಯನ್ನು ಮುಚ್ಚಿಡದೆ ಹೇಳಿತು. ಬೆನ್ನಿಗೇ ಪ್ರಯಾಣ ನಿಷೇಧ ಬಿತ್ತು. ಆದರೂ ಆ ಸುದ್ದಿಯಿಂದ ಎಲ್ಲರಿಗೂ ಉಪಕಾರವಾಯಿತು: ಡಿಸೆಂಬರ್ 2ರಂದು ಭಾರತದ ಮೊದಲ ಎರಡು ಪ್ರಕರಣಗಳು ಪ್ರಕಟವಾದದ್ದು ಕರ್ನಾಟಕದಿಂದ.

2025ರ ಮೇ 20ರಂದು ಜಿನೀವಾದಲ್ಲಿ ಸಾಂಕ್ರಾಮಿಕ ಒಪ್ಪಂದಕ್ಕೆ ಒಪ್ಪಿಗೆ ಸಿಕ್ಕಿತು. ರೋಗಾಣುವಿನ ಮಾಹಿತಿ ಕೊಟ್ಟವರಿಗೆ ಲಸಿಕೆ, ಔಷಧದ ಪಾಲು ಹೇಗೆ ಸಿಗಬೇಕೆಂಬ ವಿವರವನ್ನು ಮಾತ್ರ ಅನುಬಂಧವೊಂದಕ್ಕೆ ಬಿಟ್ಟರು. ಗದಗಿನ ಲೆಕ್ಕ ಲಂಡನ್ನಿಗೆ ಹೋದಂದಿನಿಂದ ಬಾಕಿ ಉಳಿದ ಪ್ರಶ್ನೆ ಅದೇ. ಆ ಅನುಬಂಧಕ್ಕೆ ಒಪ್ಪಿಗೆ ಸಿಗುವ ತನಕ ಒಪ್ಪಂದ ಸಹಿಗೆ ತೆರೆಯುವುದಿಲ್ಲ.