ಯಕೃತ್ತಿನ ಮೇದಸ್ಸು ಮತ್ತು ಶ್ರವಣಾತೀತ ಧ್ವನಿ: ಅಳವಂಡಿ ಸೀಮೆಯ ಚರಿತ್ರೆಗೊಂದು ಆಕರವಿಚಾರ

ಅಳವಂಡಿ ಸೀಮೆಯ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಶಾಸನಗಳಿಂದ ಆರಂಭಿಸಿ, ಸಾಲಾರಜಂಗರ ಜಹಗೀರಿನ ಕಾಲವನ್ನು ದಾಟಿ, 1948ರ ಹೈದರಾಬಾದ್ ವಿಮೋಚನೆಗೆ ಬಂದು ನಿಲ್ಲುವರು. ಆ ಹೋರಾಟದಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಪಾತ್ರವು ಹಿರಿದಾದುದರಿಂದ ಹೀಗಾಗುವುದು ಸಹಜ. ಆದರೆ ಜನರು ಏನನ್ನು ಉಂಡರು, ಉಂಡುದು ಅವರ ದೇಹದಲ್ಲಿ ಏನಾಗಿ ಪರಿಣಮಿಸಿತು ಎಂಬುದೂ ಚರಿತ್ರೆಯ ವಿಷಯವೇ. ಈ ವಿಷಯಕ್ಕೆ ಇತ್ತೀಚೆಗೆ ಹೊಸದೊಂದು ಆಕರ ಒದಗಿದೆ. ಅದು ಸ್ಕ್ಯಾನಿಂಗ್ ಚೀಟಿ. ಅದರಲ್ಲಿ ಬರೆದಿರುವ ‘ಫ್ಯಾಟಿ ಲಿವರ್, ಗ್ರೇಡ್ 1’ ಎಂಬ ಮಾತನ್ನು ಚರಿತ್ರಕಾರನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ನಾವಿಲ್ಲಿ ಪರಿಶೀಲಿಸುವೆವು.

ಯಕೃತ್ತು ನಮ್ಮ ವೈದ್ಯಕ್ಕೆ ಹೊಸದಲ್ಲ; ಚರಕಸಂಹಿತೆಯಲ್ಲಿಯೇ ಅದರ ಹೆಸರುಂಟು. ಕಣ್ಣು ಹಳದಿಯಾದರೆ ಕಾಮಾಲೆಯೆಂದೂ, ಹೊಟ್ಟೆಯಲ್ಲಿ ನೀರು ತುಂಬಿದರೆ ಜಲೋದರವೆಂದೂ ಹಳ್ಳಿಯ ಪಂಡಿತನು ಗುರುತಿಸಬಲ್ಲವನಾಗಿದ್ದನು. ಆದರೆ ಯಕೃತ್ತಿನಲ್ಲಿ ಮೇದಸ್ಸು ಸೇರುವುದು ಬಹುಮಟ್ಟಿಗೆ ಮೂಕವಾದ ವ್ಯಾಪಾರ, ನೋವಿಲ್ಲ, ಬಣ್ಣವಿಲ್ಲ. ಕೊಬ್ಬಿದ ಯಕೃತ್ತನ್ನು ರೋಮನರು ಕಂಡದ್ದು ಊಟದ ತಟ್ಟೆಯಲ್ಲಿ: ಅಂಜೂರ ತಿನ್ನಿಸಿ ಬೆಳೆಸಿದ ಹಕ್ಕಿಯ ಯಕೃತ್ತಿಗೆ ಅವರಿಟ್ಟ ಹೆಸರಿನಿಂದಲೇ ಇಟಾಲಿಯನ್ ಮತ್ತು ಫ್ರೆಂಚ್ ಭಾಷೆಗಳ ಯಕೃತ್ವಾಚಕ ಪದಗಳು ಹುಟ್ಟಿದವು. ಜೀವಂತ ಮನುಷ್ಯನಲ್ಲಿ ಅದನ್ನು ಕಾಣಲು ಸೂಜಿ ಚುಚ್ಚಿ ತುಣುಕನ್ನು ತೆಗೆಯಬೇಕಾಗಿತ್ತು. ಇಟಲಿಯ ಮೆಂಗಿನಿಯು 1958ರಲ್ಲಿ ಈ ಕ್ರಿಯೆಯನ್ನು ಒಂದು ಸೆಕೆಂಡಿನ ಕೆಲಸವನ್ನಾಗಿ ಮಾಡಿದನು. ಹಾಗೆ ದೊರೆಯುವ ತುಣುಕು ಯಕೃತ್ತಿನ ಸುಮಾರು ಐವತ್ತು ಸಾವಿರದಲ್ಲೊಂದು ಪಾಲು ಮಾತ್ರ.

ಅದೇ 1958ರಲ್ಲಿ ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು, ಲೋಹದೊಳಗಿನ ಬಿರುಕನ್ನು ಹುಡುಕುವ ಯಂತ್ರದಿಂದ ಹೊಟ್ಟೆಯೊಳಗಿನ ಗಡ್ಡೆಗಳನ್ನು ಕಂಡ ಬಗೆಯನ್ನು ಪ್ರಕಟಿಸಿದರು. ಕಿವಿಗೆ ಕೇಳುವ ಧ್ವನಿಯ ಮೇಲಿನ ಮಿತಿ ಸೆಕೆಂಡಿಗೆ ಸುಮಾರು 20,000 ಕಂಪನಗಳು. ಈ ಯಂತ್ರಗಳ ಧ್ವನಿಯು ಹತ್ತು ಲಕ್ಷಗಳ ಲೆಕ್ಕದಲ್ಲಿ ಕಂಪಿಸುವುದು. ಮೇದಸ್ಸಿನ ಹನಿಗಳು ಧ್ವನಿಯನ್ನು ಚದುರಿಸುವುದರಿಂದ ಯಕೃತ್ತು ತೆರೆಯ ಮೇಲೆ ಬೆಳ್ಳಗೆ ಹೊಳೆಯುವುದು. ಧ್ವನಿ ದಾರಿಯಲ್ಲೇ ಕುಗ್ಗುವುದರಿಂದ ಆಳದ ಭಾಗ ಮಸಕಾಗುವುದು. ವೈದ್ಯರು ಈ ಬಿಳುಪನ್ನು ಪಕ್ಕದ ಮೂತ್ರಪಿಂಡದ ಬಿಳುಪಿನೊಡನೆ ಹೋಲಿಸಿ ಗ್ರೇಡನ್ನು ನಿರ್ಣಯಿಸುವರು.

ಇಲ್ಲಿಯೇ ನಮ್ಮ ಶಾಸ್ತ್ರದ ವಿದ್ಯಾರ್ಥಿಗಳು ಎಚ್ಚರವಹಿಸಬೇಕಾದುದು. ತೇದಿಯಿಲ್ಲದ ಶಾಸನವೊಂದು ಸಿಕ್ಕಾಗ ನಾವು ಅದರ ಅಕ್ಷರಗಳನ್ನು ತೇದಿಯುಳ್ಳ ಶಾಸನದ ಅಕ್ಷರಗಳೊಡನೆ ಹೋಲಿಸಿ ‘ಸುಮಾರು ಇಂಥ ಶತಮಾನ’ ಎನ್ನುತ್ತೇವೆ. ಅದು ತೇದಿಯಲ್ಲ, ಅಭಿಪ್ರಾಯ. ಗ್ರೇಡ್ ಸಹ ಅಂತಹುದೇ. ಅದು ನೋಡುವವರ ಕಣ್ಣನ್ನೂ ಯಂತ್ರದ ಹೊಂದಾಣಿಕೆಯನ್ನೂ ಅವಲಂಬಿಸಿದೆ. ಮೂತ್ರಪಿಂಡವೇ ರೋಗಗ್ರಸ್ತವಾದರೆ ಹೋಲಿಕೆಯ ಆಧಾರವೇ ಕೆಡುತ್ತದೆ. ಮೇದಸ್ಸು ಅಲ್ಪವಾಗಿದ್ದರೆ ಕಣ್ಣಿಗೆ ಬೀಳದೆಯೂ ಹೋಗಬಹುದು. ನಿಜವಾದ ಅಳತೆ ಬಂದುದು ತಡವಾಗಿ. ಧ್ವನಿಯು ಯಕೃತ್ತಿನಲ್ಲಿ ಎಷ್ಟು ಕುಗ್ಗಿತೆಂಬುದನ್ನು ಮೀಟರಿಗಿಷ್ಟು ಡೆಸಿಬೆಲ್ ಎಂದು, 100ರಿಂದ 400ರವರೆಗಿನ ಅಂಕೆಯಲ್ಲಿ ಹೇಳುವ ‘ಕ್ಯಾಪ್’ ಎಂಬ ವಿಧಾನವು ಫೈಬ್ರೋಸ್ಕ್ಯಾನ್ ಯಂತ್ರದ ಮೂಲಕ 2010ರಲ್ಲಿ ಪ್ರಕಟವಾಯಿತು. ಆದುದರಿಂದ ಚೀಟಿಯಲ್ಲಿರುವುದು ಗ್ರೇಡೋ ಡೆಸಿಬೆಲ್ಲೋ ಎಂಬುದನ್ನು ಮೊದಲು ನೋಡಬೇಕು. ಎರಡನ್ನೂ ಒಂದೇ ಪಟ್ಟಿಯಲ್ಲಿ ಕೂಡಿಸುವುದು ಹೊನ್ನನ್ನೂ ಹಾಗವನ್ನೂ ಒಂದೇ ನಾಣ್ಯವೆಂದು ಎಣಿಸಿದಂತೆ.

ಇನ್ನು ಅರ್ಥದ ಪ್ರಶ್ನೆ. ಯಕೃತ್ತಿನ ಮೇದಸ್ಸು ಸಿರಿವಂತರ ರೋಗವೆಂಬ ಭಾವನೆ ಬಲವಾಗಿದೆ. 1876–78ರ ಮಹಾಕ್ಷಾಮವನ್ನು ಕಂಡ ನೆಲಕ್ಕೆ ಈ ಮಾತು ಸುಲಭವಾಗಿ ಒಪ್ಪದು. ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆಯು 1930ರ ದಶಕದಲ್ಲಿ ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲಿ ವರ್ಣಿಸಿದ ಕ್ವಾಷಿಯೋರ್ಕರ್ ಹಸಿದ ಮಕ್ಕಳ ರೋಗ; ಆ ಮಕ್ಕಳ ಯಕೃತ್ತಿನಲ್ಲಿ ಮೇದಸ್ಸು ತುಂಬಿತ್ತು. ಕೂನೂರಿನ ಪೋಷಣಾ ಪ್ರಯೋಗಾಲಯದಲ್ಲಿ ಸಿ. ಗೋಪಾಲನ್ ಅವರು ಇದೇ ರೋಗವನ್ನು ಅಭ್ಯಸಿಸಿದರು. ಆ ಸಂಸ್ಥೆಯು 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರವಾಯಿತು. ಪಶ್ಚಿಮ ಬಂಗಾಳದ ಗ್ರಾಮಾಂತರದಲ್ಲಿ 1,911 ಜನರನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ವರದಿಯಲ್ಲಿ 100ಕ್ಕೆ 8.7 ಜನರಿಗೆ ಈ ಮೇದಸ್ಸು ಇದ್ದಿತು; ಅವರಲ್ಲಿ ಮುಕ್ಕಾಲು ಪಾಲು ಜನ ಸ್ಥೂಲಕಾಯರಲ್ಲ. ಹೀಗೆ ಒಂದೇ ಗುರುತು ಒಮ್ಮೆ ಹಸಿವನ್ನೂ ಮತ್ತೊಮ್ಮೆ ಸಮೃದ್ಧಿಯನ್ನೂ, ಕೆಲವೊಮ್ಮೆ ಎರಡನ್ನೂ ಮೀರಿದ ಕಾರಣವನ್ನೂ ಸೂಚಿಸಬಲ್ಲುದು.

ಜೋಳದ ರೊಟ್ಟಿಯನ್ನು ತಿನ್ನುತ್ತಿದ್ದ ಅಳವಂಡಿಯ ಎರೆಭೂಮಿಯವರಿಗೆ ಅಕ್ಕಿಯೇ ಈ ರೋಗವನ್ನು ತಂದಿತೆಂಬ ವಾದವನ್ನು ಹೂಡುವುದು ಸುಲಭ. ತುಂಗಭದ್ರಾ ಕಾಲುವೆಯಿಂದ ಗಂಗಾವತಿಯಲ್ಲಿ ಭತ್ತ ಹಬ್ಬಿತು. 2013ರ ಅನ್ನಭಾಗ್ಯದಿಂದ ಅಕ್ಕಿಯು ಒಣಭೂಮಿಯ ಮನೆಗಳಿಗೂ ಬಂದಿತು. ವಾದವು ಆಕರ್ಷಕವೇನೋ ಹೌದು. ಆದರೆ ಅದನ್ನು ಸ್ಥಾಪಿಸಲು ಅಕ್ಕಿ ಬರುವುದಕ್ಕೆ ಮುಂಚಿನ ಅಳತೆಯೂ ಬೇಕು. ಕೊಪ್ಪಳ ಜಿಲ್ಲೆಯಾದುದೇ 1997ರಲ್ಲಿ, ವೈದ್ಯಕೀಯ ವಿಜ್ಞಾನ ಸಂಸ್ಥೆ ಆರಂಭವಾದುದು 2015ರಲ್ಲಿ. ಪರೀಕ್ಷೆ ಹತ್ತಿರವಾದಂತೆ ರೋಗಿಗಳ ಸಂಖ್ಯೆ ಏರಿದರೆ, ಏರಿದ್ದು ಮೇದಸ್ಸೋ ಯಂತ್ರವೋ ಎಂಬುದನ್ನು ಬೇರ್ಪಡಿಸದೆ ತೀರ್ಪು ಕೊಡುವುದು ನಮಗೆ ಒಪ್ಪಿಗೆಯಲ್ಲ.

ಆಕರದ ಉಳಿವು ಇನ್ನೊಂದು ತೊಡಕು. ಹೆಣ್ಣುಭ್ರೂಣದ ಹತ್ಯೆಯನ್ನು ತಡೆಯಲು ಬಂದ 1994ರ ಕಾಯಿದೆಯು ಪ್ರತಿಯೊಂದು ಸ್ಕ್ಯಾನಿಂಗ್ ಕೇಂದ್ರದ ನೋಂದಣಿಯನ್ನು ಕಡ್ಡಾಯಮಾಡಿದೆ. ಅದರ ನಿಯಮದಂತೆ ಗರ್ಭಿಣಿಯರ ಪರೀಕ್ಷೆಯ ದಾಖಲೆಗಳನ್ನು ಎರಡು ವರ್ಷ ಕಾಪಾಡಬೇಕು. ಯಕೃತ್ತಿನ ಪರೀಕ್ಷೆಗೆ ಆ ‘ಎಫ್’ ನಮೂನೆ ಅನ್ವಯಿಸದು. ಆದಕಾರಣ ಮುಂದೆ ಈ ಸೀಮೆಯ ಆರೋಗ್ಯಚರಿತ್ರೆಯನ್ನು ಬರೆಯುವವರು ಕಚೇರಿಯ ಕಡತಗಳಿಗಿಂತ ಹೆಚ್ಚಾಗಿ ಮನೆಯ ಟ್ರಂಕುಗಳಲ್ಲಿ, ಪಹಣಿಪತ್ರಗಳ ನಡುವೆ ಮಡಿಸಿಟ್ಟ ಚೀಟಿಗಳನ್ನು, ಮನೆಯವರ ಅನುಮತಿ ಪಡೆದು, ಹುಡುಕಬೇಕಾಗುವುದು.