ಹತ್ತು ದಿನ ಕಾಯುವ ಪ್ಯಾಕೇಜು

ಚೆನ್ನೈನ ಉತ್ತರಕ್ಕಿರುವ ಮಣಲಿ ಎಂದರೆ ಮೊದಲು ನೆನಪಾಗುವುದು ತೈಲ ಶುದ್ಧೀಕರಣಾಗಾರ. 1965ರಲ್ಲಿ ಮದ್ರಾಸ್ ರಿಫೈನರೀಸ್ ಎಂಬ ಹೆಸರಿನಲ್ಲಿ ಹುಟ್ಟಿ, 1969ರಲ್ಲಿ ಕೆಲಸ ಶುರುಮಾಡಿದ ಕಾರ್ಖಾನೆ ಅದು. ಇಂಥ ಕಾರ್ಖಾನೆಗಳಿಗೆ ಹಗಲಿಲ್ಲ, ರಾತ್ರಿಯಿಲ್ಲ. ಸವೆದ ಪೈಪು, ವಾಲ್ವುಗಳನ್ನು ಬದಲಿಸಲು ಕೆಲವು ವರ್ಷಗಳಿಗೊಮ್ಮೆ ಮುಂಚಿತವಾಗಿ ದಿನ ಗೊತ್ತುಮಾಡಿ ಘಟಕವನ್ನು ನಿಲ್ಲಿಸುತ್ತಾರೆ. ಕಾರ್ಮಿಕರು ಅದನ್ನು ‘ಶಟ್‌ಡೌನ್’ ಎನ್ನುತ್ತಾರೆ. ಪದೇ ಪದೇ ನಿಲ್ಲಿಸಿದರೆ ನಷ್ಟ, ಮುಂದೂಡುತ್ತ ಹೋದರೆ ಅಪಾಯ. ಯಾವಾಗ ನಿಲ್ಲಿಸಬೇಕೆಂದು ತೀರ್ಮಾನಿಸಲು ಅಲ್ಲಿ ಸಂಬಳದ ಎಂಜಿನಿಯರುಗಳಿದ್ದಾರೆ.

ಅದೇ ನಗರದ ಇನ್ನೊಂದು ಕಡೆ, ತರಮಣಿಯಲ್ಲಿ, ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯ ಕಚೇರಿಯಿದೆ. 2007ರ ಆರಂಭದಲ್ಲಿ ಅಲ್ಲಿಂದ ‘ಬಾಸ್’ ಹೊರಬಂತು. ಇದು ಕನ್ನಡವೂ ಸೇರಿದಂತೆ ಭಾರತದ ಭಾಷೆಗಳಿಗೆಂದು ಸಜ್ಜುಗೊಳಿಸಿದ ಲಿನಕ್ಸ್. ತಮಿಳುನಾಡು ಸರ್ಕಾರ 2011ರಲ್ಲಿ ಪ್ಲಸ್ ಟು ವಿದ್ಯಾರ್ಥಿಗಳಿಗೆ ಉಚಿತ ಲ್ಯಾಪ್‌ಟಾಪ್ ಕೊಡತೊಡಗಿದಾಗ ವಿಂಡೋಸ್ ಜೊತೆಗೆ ಬಾಸ್ ಕೂಡ ಅದರಲ್ಲಿತ್ತು. ಆದರೆ ಬಾಸ್ ಸ್ವತಂತ್ರವಾಗಿ ನಿಂತ ಕಟ್ಟಡವಲ್ಲ, ಡೆಬಿಯನ್ ಎಂಬ ತಳಪಾಯದ ಮೇಲೆ ಎದ್ದ ಅಂತಸ್ತು. ಹಾಗಾಗಿ ಮಣಲಿಯ ಸರ್ಕಾರಿ ಶಾಲೆಯ ಹುಡುಗಿಯೊಬ್ಬಳ ಲ್ಯಾಪ್‌ಟಾಪಿನ ಒಳಗೆ ಎಷ್ಟು ಹೊಸದಿರಬೇಕು, ಎಷ್ಟು ಹಳತು ಉಳಿಯಬೇಕು ಎಂಬುದರ ಬಹುಪಾಲನ್ನು ತೀರ್ಮಾನಿಸಿದವರು ಚೆನ್ನೈನವರಲ್ಲ. ಬೇರೆ ಬೇರೆ ದೇಶಗಳಲ್ಲಿ, ತಮ್ಮ ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು.

ಡೆಬಿಯನ್ ಶುರುವಾದದ್ದು 1993ರ ಆಗಸ್ಟ್‌ನಲ್ಲಿ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿ ಇಯನ್ ಮರ್ಡಾಕ್ ತನ್ನ ಗೆಳತಿ ಡೆಬ್ರಾಳ ಹೆಸರಿಗೆ ತನ್ನ ಹೆಸರು ಜೋಡಿಸಿ ಈ ಹೆಸರಿಟ್ಟ. ಒಂದೊಂದು ತಂತ್ರಾಂಶವನ್ನೂ ಅದಕ್ಕೆ ಬೇಕಾದ ಕಡತಗಳೊಂದಿಗೆ ಗಂಟುಕಟ್ಟಿದರೆ ಅದು ಪ್ಯಾಕೇಜು. ಒಂದೊಂದು ಗಂಟಿಗೂ ಒಬ್ಬ ಜವಾಬ್ದಾರ. ಆತುರದ ಬೆಲೆ ಎಷ್ಟೆಂದು ಡೆಬಿಯನ್ ಬಹಳ ಬೇಗ ಕಲಿಯಿತು. 1995ರ ಕೊನೆಯಲ್ಲಿ ಸಿ.ಡಿ. ಮಾರುವ ಕಂಪನಿಯೊಂದು ಇನ್ನೂ ಸಿದ್ಧವಾಗುತ್ತಿದ್ದ ಕಡತಗಳನ್ನೇ ತೆಗೆದುಕೊಂಡು ‘ಡೆಬಿಯನ್ 1.0’ ಎಂದು ಅಚ್ಚುಹಾಕಿಬಿಟ್ಟಿತು. ಸರಿಯಾಗಿ ಓಡದ ಆ ಪ್ರತಿಯ ಜೊತೆ ತಮ್ಮ ಕೆಲಸ ಬೆರೆತುಹೋಗಬಾರದೆಂದು ಸ್ವಯಂಸೇವಕರು 1.0 ಎಂಬ ಸಂಖ್ಯೆಯನ್ನೇ ಕೈಬಿಟ್ಟರು. 1996ರ ಜೂನ್‌ನಲ್ಲಿ ಹೊರಬಂದದ್ದು 1.1.

2000ನೇ ಇಸವಿಯ ಹೊತ್ತಿಗೆ ಕಾಯುವುದಕ್ಕೂ ಒಂದು ವ್ಯವಸ್ಥೆ ಬಂತು. ಹೊಸ ಪ್ಯಾಕೇಜು ಮೊದಲು ‘ಅನ್‌ಸ್ಟೇಬಲ್’ ಎಂಬ ಅಂಗಳಕ್ಕೆ ಇಳಿಯುತ್ತದೆ. ಅದರ ಅಡ್ಡಹೆಸರು ‘ಸಿಡ್’, ‘ಟಾಯ್ ಸ್ಟೋರಿ’ ಚಿತ್ರದಲ್ಲಿ ಆಟಿಕೆಗಳನ್ನು ಮುರಿಯುವ ಪಕ್ಕದ ಮನೆ ಹುಡುಗ. ಅಲ್ಲಿ ಸಾಮಾನ್ಯ ಬದಲಾವಣೆಯಾದರೆ 10 ದಿನ, ತುಸು ಮುಖ್ಯವಾದರೆ 5, ತುರ್ತಾದರೆ 2 ದಿನ ಇದ್ದು, ಗಂಭೀರ ದೋಷದ ದೂರು ಬರದಿದ್ದರೆ ‘ಟೆಸ್ಟಿಂಗ್’ ಎಂಬ ಎರಡನೇ ಅಂಗಳಕ್ಕೆ ದಾಟುತ್ತದೆ. ಆಮೇಲೆ ಒಂದು ದಿನ ಬಾಗಿಲು ಹಾಕುತ್ತಾರೆ, ಹೊಸದು ಯಾವುದೂ ಬರುವಂತಿಲ್ಲ. ಇದಕ್ಕೆ ‘ಫ್ರೀಜ್’ ಎಂದು ಹೆಸರು. ಉಳಿದ ದೋಷಗಳನ್ನು ತಿದ್ದಿ ಮುಗಿದ ಮೇಲೆ ಅದು ‘ಸ್ಟೇಬಲ್’. ಅಲ್ಲಿಂದ ಮುಂದೆ ಸುರಕ್ಷತೆಯ ದೋಷ, ತೀರಾ ಕೆಟ್ಟ ದೋಷ ಇವಕ್ಕಷ್ಟೇ ತೇಪೆ.

ಕಾಗದದ ಮೇಲೆ ಇದು ಚೆಂದವೇ. ಆದರೆ 2002ರ ಜುಲೈನಲ್ಲಿ 3.0 ಬಂದ ಮೇಲೆ ಮುಂದಿನ ಆವೃತ್ತಿಗೆ 2005ರ ಜೂನ್‌ವರೆಗೆ ಕಾಯಬೇಕಾಯಿತು. 11 ಬಗೆಯ ಪ್ರೊಸೆಸರುಗಳ ಮೇಲೂ ಎಲ್ಲ ಓಡಬೇಕು, ಸ್ಥಾಪನೆಯ ತಂತ್ರಾಂಶವನ್ನು ಹೊಸದಾಗಿ ಬರೆಯಬೇಕು, 15,000ಕ್ಕೂ ಹೆಚ್ಚು ಪ್ಯಾಕೇಜುಗಳಲ್ಲಿ ಯಾರದೋ ಒಂದರ ದೋಷ ಎಲ್ಲರನ್ನೂ ತಡೆಯುತ್ತದೆ. ಅಂಗಡಿಯಿಂದ ತಂದ ಹೊಸ ಕಂಪ್ಯೂಟರನ್ನು ಹಳೆಯ ಸ್ಟೇಬಲ್ ಗುರುತೇ ಹಿಡಿಯುತ್ತಿರಲಿಲ್ಲ. ಈ ನಡುವೆ, 2004ರ ಅಕ್ಟೋಬರ್‌ನಲ್ಲಿ, ಡೆಬಿಯನ್ನಿನದೇ ಅಂಗಳದಿಂದ ಪ್ಯಾಕೇಜುಗಳನ್ನು ತೆಗೆದುಕೊಂಡು, ಆರು ತಿಂಗಳಿಗೊಮ್ಮೆ ತಪ್ಪದೆ ಬರುತ್ತೇವೆಂದು ಹೇಳಿ ಉಬುಂಟು ಹುಟ್ಟಿತು. ಅದರ ಹಿಂದೆ ಹಣವಂತ ಮಾರ್ಕ್ ಶಟಲ್‌ವರ್ತ್ ಇದ್ದ, ಸಂಬಳದ ನೌಕರರಿದ್ದರು.

ಹಾಗಾದರೆ ಡೆಬಿಯನ್ ಕೂಡ ಸಂಬಳ ಕೊಟ್ಟರಾಯಿತಲ್ಲ ಎಂದು ಕೆಲವರಿಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. 2006ರಲ್ಲಿ ‘ಡಂಕ್-ಟ್ಯಾಂಕ್’ ಎಂಬ ಪ್ರಯೋಗ ನಡೆಯಿತು. ಬಿಡುಗಡೆ ನೋಡಿಕೊಳ್ಳುವ ಇಬ್ಬರು ಬೇರೆ ಚಿಂತೆಯಿಲ್ಲದೆ ತಲಾ ಒಂದು ತಿಂಗಳು ದುಡಿಯಲೆಂದು ಹಣ ಕೂಡಿಸಿದರು. ಡಿಸೆಂಬರಿನಲ್ಲಿ ಆವೃತ್ತಿ ತರುವುದು ಗುರಿ. ಉಳಿದವರಲ್ಲಿ ಅಸಮಾಧಾನ ಎದ್ದಿತು. ಒಬ್ಬರಿಗೆ ಹಣ, ಪಕ್ಕದವರಿಗೆ ಬರೀ ಕೃತಜ್ಞತೆ ಎಂದರೆ ಯಾವ ಊರಿನ ಉತ್ಸವ ಸಮಿತಿಯಾದರೂ ಒಡೆಯುತ್ತದೆ. ಕೆಲವರು ಬೇಕೆಂದೇ ಕೆಲಸ ನಿಧಾನ ಮಾಡಿದರು. ಆವೃತ್ತಿ ಬಂದದ್ದು 2007ರ ಏಪ್ರಿಲ್‌ನಲ್ಲಿ. ಬಳಿಕ, 2009ರಲ್ಲಿ, ಎರಡು ವರ್ಷಕ್ಕೊಮ್ಮೆ ಫ್ರೀಜ್ ಎಂದು ಗೊತ್ತುಮಾಡಿದರು. ಬಾಗಿಲು ಹಾಕುವುದಕ್ಕೆ ತಾರೀಖು ಉಂಟು, ತೆರೆಯುವುದು ಮಾತ್ರ ಕೆಲಸ ಮುಗಿದಾಗ. ಸ್ವಯಂಸೇವಕರ ಸಂಘವೊಂದು ಮಾಡಿಕೊಳ್ಳಬಹುದಾದ ಅತ್ಯಂತ ಪ್ರಾಮಾಣಿಕ ಒಪ್ಪಂದ ಇದೇ ಇರಬೇಕು.

ಈ ಒಪ್ಪಂದದ ಬೆಲೆಯನ್ನು ಕನ್ನಡದವರೂ ತೆರುತ್ತಾರೆ. ಪರದೆಯ ಮೇಲೆ ಒಂದು ಒತ್ತಕ್ಷರ ಸರಿಯಾಗಿ ಮೂಡಬೇಕಾದರೆ ಫಾಂಟು ಒಂದು ಪ್ಯಾಕೇಜು, ಅಕ್ಷರಗಳನ್ನು ಕೂಡಿಸುವ ತಂತ್ರಾಂಶ ಇನ್ನೊಂದು, ಕೀಲಿಮಣೆಯದು ಮತ್ತೊಂದು. ಮೂರಕ್ಕೂ ಬೇರೆ ಬೇರೆ ಜನ. ಕೇದಗೆ, ಮಲ್ಲಿಗೆ, ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳೆಲ್ಲ ಡೆಬಿಯನ್ನಿನಲ್ಲಿವೆ. ‘ರ‍್ಯಾಂಕ್’ ಎಂದು ಬರೆದದ್ದು ಅರ್ಕಾವೊತ್ತಿನ ರೂಪದಲ್ಲಿ ಕಾಣಿಸಿಕೊಂಡರೆ ಅದು ಕನ್ನಡ ಓದುಗರಿಗೆ ದೊಡ್ಡ ಕಿರಿಕಿರಿ. ಸುರಕ್ಷತೆಯ ಪಟ್ಟಿಯಲ್ಲಿ ಅದಕ್ಕೆ ಜಾಗವಿಲ್ಲ. ಇವತ್ತು ತಿದ್ದಿದ ಫಾಂಟು ಸ್ಟೇಬಲ್ ಬಳಸುವವರಿಗೆ ತಾನಾಗಿ ಸಿಗುವುದು ಸಾಮಾನ್ಯವಾಗಿ ಮುಂದಿನ ಆವೃತ್ತಿಯಲ್ಲೇ.

ಕಾದರೆ ದೋಷ ತಾನಾಗಿ ಸಿಕ್ಕಿಬೀಳುತ್ತದೆ ಎಂಬ ಭರವಸೆಯೂ ಇಲ್ಲ. 2006ರಲ್ಲಿ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿನಲ್ಲಿ ಡೆಬಿಯನ್ನಿನವರೇ ಮಾಡಿದ ಸಣ್ಣ ಬದಲಾವಣೆಯಿಂದ, ಅದು ತಯಾರಿಸುವ ಗುಪ್ತ ಕೀಲಿಗಳನ್ನು ಊಹಿಸುವುದು ಸುಲಭವಾಯಿತು. ಎಲ್ಲ ಅಂಗಳಗಳನ್ನೂ ದಾಟಿ ಅದು ಸ್ಟೇಬಲ್ ಸೇರಿತು. ಲೂಸಿಯಾನೊ ಬೆಲ್ಲೊ ಎಂಬಾತ ಅದನ್ನು ಕಂಡುಹಿಡಿದು ಎಚ್ಚರಿಕೆ ಹೊರಬಿದ್ದದ್ದು 2008ರ ಮೇ 13ರಂದು. ಹಳೆಯ ಸ್ಟೇಬಲ್‌ನಲ್ಲೇ ಉಳಿದಿದ್ದ ಸೋಮಾರಿಗಳ ಯಂತ್ರಗಳಲ್ಲಿ ಆ ದೋಷವಿರಲಿಲ್ಲ.

2024ರಲ್ಲಿ ಆದದ್ದು ತಪ್ಪಲ್ಲ, ಸಂಚು. ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಜೆಡ್’ ಎಂಬ ಸಾಧನವನ್ನು ಫಿನ್‌ಲೆಂಡಿನ ಲಾಸೆ ಕೊಲಿನ್ ವರ್ಷಗಟ್ಟಲೆ ಹೆಚ್ಚುಕಡಿಮೆ ಒಬ್ಬರೇ ನೋಡಿಕೊಂಡಿದ್ದರು. 2022ರಲ್ಲಿ ಅಪರಿಚಿತ ಹೆಸರುಗಳು ಅವರ ಬೆನ್ನುಹತ್ತಿದವು: ಅಪ್‌ಡೇಟ್ ತಡವಾಗುತ್ತಿದೆ, ಆಗದಿದ್ದರೆ ಬೇರೆಯವರಿಗೆ ಬಿಟ್ಟುಕೊಡಿ. ತಮ್ಮ ಮನಸ್ಸಿನ ಆರೋಗ್ಯ ಸರಿಯಿಲ್ಲ, ಇದು ಸಂಬಳವಿಲ್ಲದ ಕೆಲಸ ಎಂದು ಅವರು ಹೇಳಿಕೊಂಡರು. ಕೊನೆಗೆ ‘ಜಿಯಾ ಟಾನ್’ ಎಂಬ ಸಹಾಯಕನ ಕೈಗೆ ಅಧಿಕಾರ ಹೋಯಿತು. 2024ರ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹೊರಗಿನವರು ನುಸುಳಲು ಕಳ್ಳಬಾಗಿಲಿತ್ತು. ಅದನ್ನು ಬೇಗ ಸೇರಿಸಿಕೊಳ್ಳಿ ಎಂದು ಡೆಬಿಯನ್ನಿಗೂ ಒತ್ತಾಯ ಬಂತು.

ಸಿಡ್ ಬಳಸುತ್ತಿದ್ದ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರಿಗೆ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆ ಎನ್ನಿಸಿತು. ಕೆದಕುತ್ತ ಹೋಗಿ ಮಾರ್ಚ್ 29ರಂದು ಗುಟ್ಟು ಬಯಲು ಮಾಡಿದ. ಕಳ್ಳಬಾಗಿಲು ಮೊದಲೆರಡು ಅಂಗಳಗಳನ್ನು ತಲುಪಿತ್ತು. ಸ್ಟೇಬಲ್ ಇನ್ನೂ 5.4.1ರಲ್ಲೇ ಇದ್ದುದರಿಂದ ಅದಕ್ಕೆ ಏನೂ ಆಗಲಿಲ್ಲ. ಉಳಿದೆಡೆ ಹಳೆಯದಕ್ಕೆ ಮರಳಬೇಕಿತ್ತು. ಡೆಬಿಯನ್ನಿನಲ್ಲಿ ಪ್ಯಾಕೇಜಿನ ಸಂಖ್ಯೆ ಮೇಲೇರಬೇಕೇ ಹೊರತು ಕೆಳಗಿಳಿಯುವಂತಿಲ್ಲ. ಆದ್ದರಿಂದ ಸ್ವಯಂಸೇವಕರು ಹೊಸ ಪ್ಯಾಕೇಜಿಗೆ ‘5.6.1+ರಿಯಲಿ5.4.5’ ಎಂದು ಸಂಖ್ಯೆ ಕೊಟ್ಟು ಕಳಿಸಿದರು.