ಪ್ರಸಾದನಿಲಯಗಳೂ ಬಾಲಕರ ಪೋಷಣೆಯೂ

ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರೀತೀರದಲ್ಲಿರುವ ರುದ್ರಪಟ್ಟಣವು ಸಂಗೀತಗಾರರ ತವರೆಂದು ನಾಡಿನಲ್ಲೆಲ್ಲ ಪ್ರಸಿದ್ಧವಾಗಿರುತ್ತದೆ. 1920ರಲ್ಲಿ ಈ ಗ್ರಾಮದಲ್ಲಿ ಜನಿಸಿದ ವಿದ್ವಾನ್ ಆರ್. ಕೆ. ಶ್ರೀಕಂಠನ್ ಅವರು ಮೈಸೂರಿನಲ್ಲಿ ತಮ್ಮ ಅಣ್ಣಂದಿರಾದ ಆರ್. ಕೆ. ವೆಂಕಟರಾಮಶಾಸ್ತ್ರಿಗಳವರ ಬಳಿ ಅಭ್ಯಾಸ ಮಾಡಿ ಮಹಾಕೀರ್ತಿಯನ್ನು ಪಡೆದರು. ಪಟ್ಟಣದಲ್ಲಿ ಹೀಗೆ ಒಡಹುಟ್ಟಿದವರ ಆಸರೆಯುಳ್ಳ ಬಾಲಕನು ಭಾಗ್ಯಶಾಲಿಯೇ ಸರಿ. ಆದರೆ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಸೀಮೆಗಳಿಂದ ಓದಲೆಂದು ಹೊರಟ ಬಡ ಒಕ್ಕಲುಮಕ್ಕಳಿಗೆ ಪಟ್ಟಣದಲ್ಲಿ ತಮ್ಮವರೆಂಬವರು ಯಾರಿದ್ದರು? ಶಾಲೆಯ ಗಂಟೆ ಬಾರಿಸಿದ ಮೇಲೆ ಆ ಮಕ್ಕಳು ಹೋಗಬೇಕಾದುದೆಲ್ಲಿಗೆ? ನಮ್ಮ ನಾಡಿನ ಪ್ರಸಾದನಿಲಯಗಳ ಚರಿತ್ರೆಯು ಈ ಪ್ರಶ್ನೆಯಿಂದಲೇ ಆರಂಭವಾಗುತ್ತದೆ.

ಹಿಂದಿನ ಕಾಲದಲ್ಲಿ ಬಡ ವಿದ್ಯಾರ್ಥಿಗಳಿಗೆ ವಾರಾನ್ನವೇ ಗತಿಯಾಗಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಮತ್ತೊಂದು ಮನೆ. ಆ ದಿನ ಆ ಮನೆಯ ಬಾಗಿಲು ಮುಚ್ಚಿದ್ದರೆ ಉಪವಾಸ. ವೀರಶೈವ ವಟುಗಳು ಭಕ್ತರ ಮನೆಗಳಿಗೆ ಹೋಗಿ ಕಂತಿಭಿಕ್ಷೆ ತರುತ್ತಿದ್ದರು. ಅನ್ನವಿಟ್ಟ ಆ ತಾಯಂದಿರ ಪುಣ್ಯವು ಅಲ್ಪವಾದುದಲ್ಲ. ಆದರೂ ದಿನಕ್ಕೊಂದು ಹೊಸ್ತಿಲನ್ನು ತುಳಿದು ಮನೆಯವರ ಮುಖಭಾವವನ್ನು ನೋಡುತ್ತ ಉಣ್ಣುವ ಬಾಲಕನಿಗೆ ಹೊಟ್ಟೆ ತುಂಬಿದರೂ ಮನಸ್ಸು ಕುಗ್ಗುತ್ತಿದ್ದಿತು. ದಾನಕ್ಕೂ ದಾಸೋಹಕ್ಕೂ ಇರುವ ಅಂತರವು ಇಲ್ಲಿಯೇ ತೋರುತ್ತದೆ. ದಾನದಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹದಲ್ಲಿಯಾದರೋ ನೀಡುವವನೇ ಕಿಂಕರನು.

ಈ ಕೊರತೆಯನ್ನು ಕಂಡು ಮೊದಲಿಗೆ ಎಚ್ಚತ್ತವರಲ್ಲಿ ಗೃಹಸ್ಥರೂ ವಿರಕ್ತರೂ ಇದ್ದರು. ಗುಬ್ಬಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ವ್ಯಾಪಾರದಿಂದ ಮುಂದೆ ಬಂದ ತೋಟದಪ್ಪನವರು 1903ರಲ್ಲಿ ಯಾತ್ರಿಕರಿಗಾಗಿ ಧರ್ಮಛತ್ರವನ್ನು ತೆರೆದರು. ಅವರ ಧರ್ಮಸಂಸ್ಥೆಯೇ ಮುಂದೆ ಉಚಿತ ವಿದ್ಯಾರ್ಥಿನಿಲಯವನ್ನೂ ನಡೆಯಿಸಿತು. ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರು 1904ರಲ್ಲಿ ವೀರಶೈವ ಮಹಾಸಭೆಯ ಸ್ಥಾಪನೆಗೆ ಕಾರಣರಾಗಿ, 1909ರಲ್ಲಿ ಬಾದಾಮಿಯ ಸಮೀಪದಲ್ಲಿ ಶಿವಯೋಗಮಂದಿರವನ್ನು ಕಟ್ಟಿದರು. ಧಾರವಾಡದ ಮುರುಘಾಮಠದಲ್ಲಿ ಶ್ರೀ ಮೃತ್ಯುಂಜಯ ಮಹಾಸ್ವಾಮಿಗಳವರು ಪ್ರಸಾದನಿಲಯವನ್ನು ಏರ್ಪಡಿಸಿ, ಭಕ್ತರಿಂದ ಕಾಳುಕಡ್ಡಿಗಳನ್ನು ಕೂಡಿಸಿ ಮಕ್ಕಳನ್ನು ಸಲಹಿದರು.

ತುಮಕೂರಿನ ಶ್ರೀ ಸಿದ್ಧಗಂಗಾಮಠದಲ್ಲಿ ಉದ್ದಾನ ಶಿವಯೋಗಿಗಳವರ ಕಾಲದಲ್ಲಿಯೇ ವಿದ್ಯಾರ್ಥಿಗಳಿಗೆ ಆಶ್ರಯವಿದ್ದಿತು. ಅಲ್ಲಿ ವಿದ್ಯಾರ್ಥಿಯಾಗಿ ಆಶ್ರಯ ಪಡೆದು, ಬೆಂಗಳೂರಿನಲ್ಲಿ ತೋಟದಪ್ಪನವರ ನಿಲಯದಲ್ಲಿದ್ದು ಓದಿದವರೇ 1930ರಲ್ಲಿ ಸನ್ಯಾಸವನ್ನು ಸ್ವೀಕರಿಸಿ, 1941ರಲ್ಲಿ ಮಠದ ಅಧಿಕಾರವನ್ನು ವಹಿಸಿದ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು. ಉಂಡ ಪ್ರಸಾದದ ಋಣವನ್ನು ಅವರು ಉಣಿಸಿ ತೀರಿಸಿದರು. ಊರೂರು ತಿರುಗಿ ರಾಗಿ, ಭತ್ತ, ಬೇಳೆಗಳನ್ನು ಭಿಕ್ಷೆಯಾಗಿ ತಂದರು. ಬೇಡುವ ಕಾರ್ಯವನ್ನು ತಾವೇ ಹೊತ್ತು ಮಕ್ಕಳನ್ನು ಆ ಭಾರದಿಂದ ಬಿಡಿಸಿದರು. ಮಕ್ಕಳಿಗೆ ಬೆಳಗಿನ ಸ್ನಾನ, ಪ್ರಾರ್ಥನೆ, ಹಗಲು ಪಾಠ, ಸಂಜೆ ಸಾಮೂಹಿಕ ಪ್ರಾರ್ಥನೆ, ಬಳಿಕ ಪ್ರಸಾದ, ಓದು. ಹೊತ್ತಿಗೆ ಸರಿಯಾದ ಈ ನಡೆಯೇ ಬಾಲಕರಿಗೆ ತಾಯಿತಂದೆಯರ ಸ್ಥಾನದಲ್ಲಿ ನಿಂತಿತು. 2019ರಲ್ಲಿ ಸ್ವಾಮಿಗಳವರು ಲಿಂಗೈಕ್ಯರಾದಾಗ ಜಾತಿಮತಭೇದವಿಲ್ಲದೆ ಸುಮಾರು 10,000 ಮಕ್ಕಳು ಆ ಆಶ್ರಯದಲ್ಲಿದ್ದರು.

ಹಾಸನದ ದಕ್ಷಿಣಸೀಮೆಯವರಿಗೆ ಸಮೀಪವಾದ ಮೈಸೂರಿನಲ್ಲಿ ಸುತ್ತೂರು ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು 1941ರಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ತೆರೆದರು. ಮಹಾಯುದ್ಧದ ದಿನಗಳು, ಧಾನ್ಯಕ್ಕೆ ಅಭಾವ. ಅಡಚಣೆಯೊದಗಿದಾಗ ಶ್ರೀಗಳವರು ಬೆಳ್ಳಿಬಂಗಾರದ ಸಾಮಗ್ರಿಗಳನ್ನು ಮಾರಿಯಾದರೂ ಪಂಕ್ತಿಯನ್ನು ನಿಲ್ಲಗೊಡಲಿಲ್ಲ. ಈ ಚಿಕ್ಕ ನಿಲಯವೇ ಬೀಜವಾಗಿ 1954ರಲ್ಲಿ ಶ್ರೀ ಶಿವರಾತ್ರೀಶ್ವರ ಮಹಾವಿದ್ಯಾಪೀಠವು ಮೈದಾಳಿತು.

ಚರಿತ್ರೆಯು ಕೊರತೆಗಳನ್ನೂ ಮರೆಯಲಾಗದು. ಆರಂಭದ ದಿನಗಳ ವಿದ್ಯಾರ್ಥಿನಿಲಯಗಳು ಬಹುಮಟ್ಟಿಗೆ ಒಂದೊಂದು ಸಮಾಜಕ್ಕೆ ಮೀಸಲಾಗಿದ್ದವು. ಬಾಲಿಕೆಯರ ಚಿಂತೆಯು ತಡವಾಗಿ ಬಂದಿತು. ತಾಯಿತಂದೆಯರೊಡನೆಯೇ ಇರುವ ಮಕ್ಕಳಿಗೂ ಶಾಲೆಯ ಹೊರಗಿನ ಹೊತ್ತಿನಲ್ಲಿ ಪೋಷಣೆ ಬೇಕೆಂಬುದು ಇನ್ನೂ ತಡವಾಗಿ ಹೊಳೆಯಿತು. ಈ ಕಾರ್ಯದಲ್ಲಿ ಒಬ್ಬ ಮಹಿಳೆಯು ಮುಂದಾದುದು ಸ್ಮರಣೀಯ. 'ಸರಸ್ವತಿ' ಪತ್ರಿಕೆಯ ಸಂಪಾದಕಿ ಆರ್. ಕಲ್ಯಾಣಮ್ಮನವರು 1938ರಲ್ಲಿ ಬೆಂಗಳೂರಿನಲ್ಲಿ ಮಕ್ಕಳ ಕೂಟವನ್ನು ಸ್ಥಾಪಿಸಿ, ಆಟಪಾಟ ಕಥೆಗಳಿಗೆ ಒಂದು ನೆಲೆಯನ್ನು ಕಲ್ಪಿಸಿದರು.

ಕಾಲವು ಬದಲಾಗಿದೆ. ಹಳ್ಳಿಹಳ್ಳಿಗೂ ಶಾಲೆ ಬಂದಿದೆ. 2002ರಲ್ಲಿ ಸರ್ಕಾರವು ಶಾಲೆಯ ಮಧ್ಯಾಹ್ನದ ಊಟಕ್ಕೆ 'ಅಕ್ಷರ ದಾಸೋಹ'ವೆಂದು ಹೆಸರಿಟ್ಟುದು ಶರಣರ ಮಾತಿಗೆ ಸಂದ ಗೌರವವೇ ಆಗಿದೆ. ಮಧ್ಯಾಹ್ನದ ಹಸಿವು ಹೀಗೆ ತೀರಿದರೂ ಸಂಜೆಯ ಹೊತ್ತು ಉಳಿದಿದೆ. ತಾಯಿಯು ಹೊಲದಿಂದಲೋ ಕಾರ್ಖಾನೆಯಿಂದಲೋ ಮರಳುವವರೆಗೆ ಮಗುವನ್ನು ನೋಡುವವರಾರು? ಇದಕ್ಕೆ ದೊಡ್ಡ ಕಟ್ಟಡವೇ ಆಗಬೇಕೆಂದಿಲ್ಲ. ಊರ ಮಠದ ಜಗಲಿ, ಒಂದು ದೀಪ, ಒಂದು ಹಿಡಿ ಉಪಾಹಾರ, ದಿನವೂ ತಪ್ಪದೆ ಬಂದು ಕುಳಿತುಕೊಳ್ಳುವ ಒಬ್ಬ ಹಿರಿಯರು, ಕೊಟ್ಟುದಕ್ಕೂ ವೆಚ್ಚವಾದುದಕ್ಕೂ ಎಲ್ಲರೂ ನೋಡಬಹುದಾದ ಲೆಕ್ಕ, ಇಷ್ಟಿದ್ದರೆ ಸಾಕು. ಹಿಂದಿನ ನಿಲಯಗಳು ಬಾಳಿದುದು ಒಬ್ಬ ಧನಿಕನ ಭಾರಿ ದಾನದಿಂದ ಮಾತ್ರವಲ್ಲ. ಸಾವಿರಾರು ಒಕ್ಕಲುಗಳು ಸುಗ್ಗಿಸುಗ್ಗಿಗೂ ಅಳೆದುಕೊಟ್ಟ ಮೊರದಷ್ಟು ರಾಗಿಯಿಂದ.

ಮಗುವು ಅಲ್ಲಿ ಯಾರ ಹಂಗಿಗೂ ಒಳಗಾಗದೆ ತಲೆಯೆತ್ತಿ ಕುಳಿತು ಉಣ್ಣಬೇಕು, ಓದಬೇಕು. ನೀಡುವವರು ತಮ್ಮ ಹೆಸರನ್ನು ಮರೆತು ನೀಡಬೇಕು. ಪೂರ್ವದ ಪೂಜ್ಯರು ಹಾಕಿಕೊಟ್ಟ ಈ ಮೇಲ್ಪಂಕ್ತಿಯು ಸದ್ಭಕ್ತರ ಊರೂರಿನಲ್ಲಿಯೂ ಮುಂದುವರಿಯಲಿ.